ಮಡಿ ಸಡಿಲಿಸಿದ ಡೆಬಿಯನ್

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಕೀಲಿಮಣೆ, ಪರದೆ, ಮೆಮೊರಿ ಎಲ್ಲ ಸರಿಯಿದ್ದೂ ಈ ಒಂದು ಪಟ್ಟಿಯಿಂದ ಮೂಲೆಗೆ ಬಿದ್ದ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕುವುದು ಈಗ ಬರೀ ಹವ್ಯಾಸಿಗಳ ಚಟವಾಗಿ ಉಳಿದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಕೊಳ್ಳುವ ವಿದ್ಯಾರ್ಥಿಗೂ ಅದೇ ದಾರಿ. ಯಾವ ಲಿನಕ್ಸ್ ಎಂದರೆ ಬರುವ ಹೆಸರುಗಳಲ್ಲಿ ಡೆಬಿಯನ್ ಹಿರಿಯದು. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ್ದು, ಉಬುಂಟು ಹುಟ್ಟಿದ್ದೂ ಇದರಿಂದಲೇ. ಆದರೂ ಬಹುಕಾಲ ಅದನ್ನು ಹೊಸಬರಿಗೆ ಹೇಳಲು ನನ್ನಂಥವರು ಹಿಂಜರಿಯುತ್ತಿದ್ದೆವು. ಕಾರಣ, ಅದರ ಮಡಿ.

ಆ ಮಡಿ ಹೇಗಿತ್ತೆಂದು ಹಳೆಯ ಇನ್‌ಸ್ಟಾಲರ್ ಓಡಿಸಿದವರಿಗೆ ಗೊತ್ತು. ಭಾಷೆ ಆರಿಸಿ, ದೇಶ ಆರಿಸಿ, ಕೀಲಿಮಣೆ ಆರಿಸಿ ಮುಂದೆ ಹೋದರೆ ಒಂದು ಪರದೆ ಬಂದು ನಿಲ್ಲುತ್ತಿತ್ತು: ನಿಮ್ಮ ಯಂತ್ರಾಂಶಕ್ಕೆ ಮುಕ್ತವಲ್ಲದ ಫರ್ಮ್‌ವೇರ್ ಬೇಕು, ಪೆನ್‌ಡ್ರೈವ್‌ನಲ್ಲಿ ಇದ್ದರೆ ಹಾಕಿ. ಕೆಳಗೆ ಕಡತದ ಹೆಸರು, ಉದಾಹರಣೆಗೆ ‘ಐಡಬ್ಲ್ಯುಎಲ್ ವೈಫೈ 8265’ ಎಂದು ಶುರುವಾಗಿ ‘ಯುಕೋಡ್’ ಎಂದು ಮುಗಿಯುವ ಒಂದು ಉದ್ದನೆಯ ಸಾಲು. ವೈಫೈ ಓಡಲು ಆ ಕಡತ ಬೇಕು, ಆ ಕಡತ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು. ಲ್ಯಾನ್ ಕೇಬಲ್ಲಿನ ತೂತೇ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳು ಬಂದ ಮೇಲಂತೂ ಈ ಸುತ್ತಿನಿಂದ ಹೊರಬರಲು ಇನ್ನೊಂದು ಕಂಪ್ಯೂಟರ್ ಇದ್ದವನಿಗೆ ಮಾತ್ರ ಸಾಧ್ಯವಿತ್ತು. ಫರ್ಮ್‌ವೇರ್ ಸೇರಿಸಿದ ಇನ್ನೊಂದು ಇಮೇಜನ್ನೂ ಡೆಬಿಯನ್ನಿನವರೇ ತಯಾರಿಸುತ್ತಿದ್ದರು. ಆದರೆ ಅದಕ್ಕೆ ‘ಅನಧಿಕೃತ’ ಎಂಬ ಹಣೆಪಟ್ಟಿ ಹಚ್ಚಿ, ಗೊತ್ತಿದ್ದವರಿಗೆ ಮಾತ್ರ ಸಿಗುವ ಫೋಲ್ಡರ್‌ನಲ್ಲಿ ಇಟ್ಟಿದ್ದರು. ಮುಂಬಾಗಿಲಲ್ಲಿ ಮಡಿ, ಹಿತ್ತಿಲ ಬಾಗಿಲಲ್ಲಿ ಎಲ್ಲವೂ. ಹಿತ್ತಿಲು ಎಲ್ಲಿದೆಯೆಂದು ತಿಳಿಯದ ಹೊಸಬನೇ ಕಷ್ಟಪಡುತ್ತಿದ್ದ.

ಫರ್ಮ್‌ವೇರ್ ಎಂದರೆ ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರ್ ಓಡಿಸುವ ತಂತ್ರಾಂಶವಲ್ಲ. ವೈಫೈ ಕಾರ್ಡಿನೊಳಗೆ, ಸೌಂಡ್ ಚಿಪ್ಪಿನೊಳಗೆ ಇರುವ ಪುಟ್ಟ ಪ್ರೊಸೆಸರ್ ಓಡಿಸುವಂಥದ್ದು. ಲಿನಕ್ಸ್ ಕರ್ನೆಲ್‌ನ ಡ್ರೈವರ್ ಅದನ್ನು ಡಿಸ್ಕಿನಿಂದ ಎತ್ತಿ ಆ ಚಿಪ್ಪಿಗೆ ಕೊಡುತ್ತದೆ, ಅಷ್ಟೇ. ಇಂಟೆಲ್‌ನ ವೈಫೈ ಡ್ರೈವರ್ ಪೂರ್ತಿ ಮುಕ್ತ, ಫರ್ಮ್‌ವೇರ್ ಮಾತ್ರ ಮುಚ್ಚಿದ ಕಡತ. ಹಂಚಲು ಅನುಮತಿಯಿದೆ, ಒಳಗೇನಿದೆ ನೋಡಲು ಇಲ್ಲ. ಇಲ್ಲಿ ಹಳೆಯ ಮಡಿಯ ತರ್ಕ ಸಡಿಲವಿತ್ತೆಂಬುದು ನನ್ನ ತಕರಾರು. ಅಂಥದ್ದೇ ಮುಚ್ಚಿದ ಕೋಡನ್ನು ತಯಾರಕ ಕಾರ್ಖಾನೆಯಲ್ಲೇ ರಾಮ್ ಅಲ್ಲದ ಶಾಶ್ವತ ಮೆಮೊರಿಯಲ್ಲಿ ಸುಟ್ಟು ಕಳಿಸಿದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ, ಡಿಸ್ಕಿನಿಂದ ಬಂದರೆ ಮಾತ್ರ ಅದು ಮೈಲಿಗೆ. ಬಳಕೆದಾರನ ಸ್ವಾತಂತ್ರ್ಯ ಎರಡರಲ್ಲೂ ಒಂದೇ. ಡಿಸ್ಕಿನಿಂದ ಬರುವುದಕ್ಕೆ ತಿದ್ದುಪಡಿಯಾದರೂ ಸಿಗುತ್ತದೆ. 2018ರಲ್ಲಿ ಸ್ಪೆಕ್ಟರ್ ದೋಷ ಬಯಲಾದಾಗ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಮೈಕ್ರೋಕೋಡ್ ತಿದ್ದಿದ್ದು ಹಾಗೆಯೇ.

2022ರಲ್ಲಿ ಈ ಗಂಟು ಬಿಚ್ಚಲು ಹೊರಟವರು ಸ್ಟೀವ್ ಮ್ಯಾಕಿನ್‌ಟೈರ್. ಹಿಂದೆ ಡೆಬಿಯನ್ ಯೋಜನೆಯ ನಾಯಕರಾಗಿದ್ದವರು, ಇಮೇಜ್‌ಗಳನ್ನು ತಯಾರಿಸುವ ತಂಡದಲ್ಲಿದ್ದವರು. ಅವರು ಮುಂದಿಟ್ಟ ವಾದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೈಫೈಗೆ ಸಂಬಂಧಿಸಿದ್ದಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿ ಬರಬೇಕಾದರೂ ಫರ್ಮ್‌ವೇರ್ ಬೇಕು. ದೃಷ್ಟಿಯಿಲ್ಲದವರು ಡೆಬಿಯನ್ ಹಾಕುವುದು ಇನ್‌ಸ್ಟಾಲರ್ ಮಾತಾಡುವುದನ್ನು ಕೇಳಿಸಿಕೊಂಡು. ಧ್ವನಿಯೇ ಇಲ್ಲದಿದ್ದರೆ ಫರ್ಮ್‌ವೇರ್ ಬೇಕು ಎನ್ನುವ ಆ ಪರದೆಯೂ ಅವರಿಗಿಲ್ಲ. ತತ್ತ್ವದ ಬೆಲೆಯನ್ನು ಯಾರು ತೆರುತ್ತಿದ್ದರು ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಜಾಗ ಇನ್ನೊಂದಿಲ್ಲ. ಡೆಬಿಯನ್ ಸದಸ್ಯರು ಮತ ಹಾಕಿದರು. ಗೆದ್ದ ಪ್ರಸ್ತಾಪ 1997ರಿಂದ ಇದ್ದ, ಯೋಜನೆಯ ತತ್ತ್ವಗಳನ್ನು ಹೇಳುವ ‘ಸಾಮಾಜಿಕ ಒಪ್ಪಂದ’ವನ್ನೇ ತಿದ್ದುವಂಥದ್ದು. ಅದಕ್ಕೆ ವಿರೋಧದ ಒಂದು ಮತಕ್ಕೆ ಪರವಾಗಿ ಮೂರರಂತೆ ಬಹುಮತ ಬೇಕಿತ್ತು. ಎರಡು ಇನ್‌ಸ್ಟಾಲರ್ ಇರಲಿ, ಒಂದು ಶುದ್ಧ, ಒಂದು ಮಿಶ್ರ ಎಂಬ ಸಲಹೆಯೂ ಇತ್ತು. ಸೋತಿತು. ಸೋತದ್ದು ಒಳ್ಳೆಯದೇ ಆಯಿತು. ಎರಡು ಬಾಗಿಲಿದ್ದರೆ ಹೊಸಬ ತಪ್ಪು ಬಾಗಿಲು ತಟ್ಟುವುದು ಗ್ಯಾರಂಟಿ.

2023ರ ಜೂನ್ 10ರಂದು ಬಂದ ಡೆಬಿಯನ್ 12, ಅಂದರೆ ‘ಬುಕ್‌ವರ್ಮ್’, ಈ ನಿರ್ಧಾರದ ಮೊದಲ ಫಲ. ಮೇನ್, ಕಾಂಟ್ರಿಬ್, ನಾನ್‌ಫ್ರೀ ಎಂಬ ಮೂರು ಉಗ್ರಾಣಗಳ ಜತೆಗೆ ಫರ್ಮ್‌ವೇರ್‌ಗೆಂದೇ ನಾಲ್ಕನೆಯದು ಬಂತು. ಇಂಟೆಲ್, ರಿಯಲ್‌ಟೆಕ್, ಕ್ವಾಲ್‌ಕಾಮ್ ವೈಫೈ ಇರುವ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಈಗ ಆ ಹಳೆಯ ಪರದೆ ಬರುವುದೇ ಇಲ್ಲ. ವೈಫೈ ಹೆಸರುಗಳ ಪಟ್ಟಿ ಬರುತ್ತದೆ, ಪಾಸ್‌ವರ್ಡ್ ಕೊಟ್ಟರೆ ಕೆಲಸ ಮುಂದುವರಿಯುತ್ತದೆ. ಇನ್‌ಸ್ಟಾಲ್ ಮಾಡುವವನಿಗೆ ಏನೂ ಆಗಲಿಲ್ಲ ಎನಿಸುತ್ತದೆ. ಇನ್‌ಸ್ಟಾಲರ್ ಬರೆದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆದರೆ ಏನೂ ಆಗಲಿಲ್ಲ ಎನಿಸುವುದರಲ್ಲೇ ನನಗೆ ಒಂದು ಕೊರತೆ ಕಾಣುತ್ತದೆ. ಗೆದ್ದ ಪ್ರಸ್ತಾಪದಲ್ಲೊಂದು ಮಾತು ಇತ್ತು: ಯಾವ ಫರ್ಮ್‌ವೇರ್ ತುಂಬಿದೆವೆಂದು ಬಳಕೆದಾರನಿಗೆ ತಿಳಿಸುತ್ತೇವೆ, ಆ ಮಾಹಿತಿಯನ್ನು ಅವನ ಯಂತ್ರದಲ್ಲೂ ಉಳಿಸುತ್ತೇವೆ, ಬೇಡವೆನ್ನುವವನಿಗೆ ಬೂಟ್ ಆಗುವಾಗಲೇ ತಡೆಯುವ ದಾರಿ ಇಡುತ್ತೇವೆ ಎಂದು. ತಡೆಯುವ ದಾರಿ ಇದೆ, ಬೂಟ್ ಸಾಲಿನಲ್ಲಿ ‘ಫರ್ಮ್‌ವೇರ್=ನೆವರ್’ ಎಂದು ಟೈಪ್ ಮಾಡಬೇಕು. ಮಾಹಿತಿಯೂ ಉಳಿಯುತ್ತದೆ, ಲಾಗ್ ಫೋಲ್ಡರಿನೊಳಗಿನ ಇನ್‌ಸ್ಟಾಲರ್ ಫೋಲ್ಡರಿನಲ್ಲಿ ‘ಫರ್ಮ್‌ವೇರ್-ಸಮ್ಮರಿ’ ಎಂಬ ಕಡತದಲ್ಲಿ. ಅಲ್ಲಿ ಒಂದಿದೆಯೆಂದು ಗೊತ್ತಿದ್ದವನಿಗೆ ಅದು ಬೇಕಾಗಿಲ್ಲ, ಬೇಕಾದವನಿಗೆ ಅದು ಇದೆಯೆಂದು ಗೊತ್ತಿಲ್ಲ. ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಕೊನೆಯ ಪರದೆಯ ಮೇಲೆ ಎರಡು ಸಾಲು ಸಾಕಿತ್ತು: ನಿಮ್ಮ ವೈಫೈ ಚಿಪ್ ಇಂಥದ್ದು, ಅದಕ್ಕೆ ಈ ಮುಚ್ಚಿದ ಕಡತ ಹಾಕಿದ್ದೇವೆ. ಹಳೆಯ ಇನ್‌ಸ್ಟಾಲರ್ ಒರಟಾಗಿತ್ತು ನಿಜ, ಆದರೆ ತಪ್ಪಿತಸ್ಥ ಕಡತದ ಹೆಸರನ್ನಾದರೂ ಮುಖಕ್ಕೆ ಹಿಡಿಯುತ್ತಿತ್ತು. ಹೊಸದು ವಿನಯವಾಗಿ ಬಾಯಿ ಮುಚ್ಚಿಕೊಂಡಿದೆ.

ಈ ವಿನಯ ಕೈಕೊಡುವ ಜಾಗ ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್. ಹಳೆಯ ಲ್ಯಾಪ್‌ಟಾಪಿನಲ್ಲಿ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ಎಲ್‌ಎಸ್‌ಪಿಸಿಐ’ ಆದೇಶಕ್ಕೆ ‘-ಎನ್‌ಎನ್’ ಸೇರಿಸಿ ಓಡಿಸಿ. ವೈಫೈ ಸಾಲಿನ ಕೊನೆಯ ಚೌಕಾವರಣದಲ್ಲಿ 8086 ಎಂದು ಶುರುವಾದರೆ ಇಂಟೆಲ್, ನೆಮ್ಮದಿ. 14ಇ4 ಎಂದಿದ್ದರೆ ಬ್ರಾಡ್‌ಕಾಮ್. ಅದರಲ್ಲೂ 4365 ಎಂಬ ಅಂಕೆ ಕಂಡರೆ ಬಿಸಿಎಂ43142, ಒಂದು ಕಾಲದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಧಾರಾಳವಾಗಿ ಬಳಸಿದ ಚಿಪ್. ಬ್ರಾಡ್‌ಕಾಮ್ 2010ರಲ್ಲಿ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು; ಇದು ಆ ಕುಟುಂಬಕ್ಕೆ ಸೇರಿದ್ದಲ್ಲ. ಇದಕ್ಕಿಂತ ಹಳೆಯ ಬಿಸಿಎಂ4312ಗೆ ಸಮುದಾಯವೇ ಬರೆದ ಬಿ43 ಡ್ರೈವರ್ ಇದೆ, ಆದರೆ ಅದರ ಫರ್ಮ್‌ವೇರನ್ನು ಹಂಚಲು ಬ್ರಾಡ್‌ಕಾಮ್ ಅನುಮತಿ ಕೊಟ್ಟಿಲ್ಲ. ಹಾಗಾಗಿ ಡೆಬಿಯನ್ನಿನಲ್ಲಿ ಇರುವುದು ಫರ್ಮ್‌ವೇರ್ ಅಲ್ಲ, ಅದನ್ನು ನೆಟ್‌ನಿಂದ ಇಳಿಸಿ ಕತ್ತರಿಸಿ ತೆಗೆಯುವ ಒಂದು ಪ್ಯಾಕೇಜ್. ವೈಫೈ ತರಲು ನೆಟ್ ಬೇಕೆಂಬ ಹಳೆಯ ಸುತ್ತು ಇಲ್ಲಿ ಹಾಗೇ ಉಳಿದಿದೆ. ಡೆಬಿಯನ್ ಮನಸ್ಸು ಬದಲಿಸಿದರೂ ಪರವಾನಗಿ ಬದಲಾಗಲಿಲ್ಲ.

43142ರ ಕಥೆ ಇನ್ನೊಂದು ಬಗೆ. ಅದಕ್ಕಿರುವುದು ಬ್ರಾಡ್‌ಕಾಮ್‌ನದೇ ‘ಡಬ್ಲ್ಯುಎಲ್’ ಡ್ರೈವರ್. ಇದು ಚಿಪ್ಪಿನೊಳಗೆ ಓಡುವುದಲ್ಲ, ನಿಮ್ಮ ಮುಖ್ಯ ಪ್ರೊಸೆಸರ್ ಮೇಲೆ, ಕರ್ನೆಲ್‌ನೊಳಗೇ ಓಡುವ ಮುಚ್ಚಿದ ಕೋಡ್. ಆದ್ದರಿಂದ ಡೆಬಿಯನ್ ಎಳೆದ ಗೆರೆಯ ಆಚೆ ಬೀಳುತ್ತದೆ, ಇನ್‌ಸ್ಟಾಲರ್‌ನಲ್ಲಿ ಇಲ್ಲ. ಬ್ರಾಡ್‌ಕಾಮ್ ಇದನ್ನು ಕೊನೆಯದಾಗಿ ಹೊರತಂದದ್ದು 2015ರಲ್ಲಿ. ಆಮೇಲೆ ಪ್ರತಿ ಹೊಸ ಕರ್ನೆಲ್‌ಗೂ ತೇಪೆ ಹಾಕಿ ಅದನ್ನು ಬದುಕಿಸಿಟ್ಟವರು ಡೆಬಿಯನ್ ಮುಂತಾದ ಕಡೆಯ ಸ್ವಯಂಸೇವಕರು. 2019ರಲ್ಲಿ ಅದರಲ್ಲಿ ಭದ್ರತಾ ದೋಷಗಳೂ ಬಯಲಾದವು. ಈ ಗೆರೆ ಎಳೆದದ್ದು ಸರಿ ಎಂದೇ ಹೇಳುತ್ತೇನೆ. ಕರ್ನೆಲ್‌ನೊಳಗೆ ಹತ್ತು ವರ್ಷದ ಹಳೆಯ ಕತ್ತಲ ಕೋಣೆಯನ್ನು ಕೇಳದೆ ಇಡುವುದು ಬೇರೆ, ಚಿಪ್ಪಿನೊಳಗಿನದನ್ನು ಸಹಿಸುವುದು ಬೇರೆ.

ಸರಿ, ಹಾಕಲೇಬೇಕೆಂದರೆ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡುವುದು ನಮ್ಮಲ್ಲಿ ಸರ್ವಸಾಧಾರಣ ಉಪಾಯ. ಇನ್‌ಸ್ಟಾಲರ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಹಿಡಿಯುತ್ತದೆ. ಆಮೇಲೆ ನಾನ್‌ಫ್ರೀ ಉಗ್ರಾಣ ಸೇರಿಸಿ, ಕರ್ನೆಲ್ ಹೆಡರ್‌ಗಳ ಜತೆ ಆ ಡ್ರೈವರ್‌ನ ಡಿಕೆಎಂಎಸ್ ಪ್ಯಾಕೇಜ್ ಹಾಕಿದರೆ ಡ್ರೈವರ್ ಕಂಪೈಲ್ ಆಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ಗಂಡಾಂತರವಿದೆ. ಡ್ರೈವರ್‌ಗೆ ಸಹಿ ಹಾಕುವ ನಿಮ್ಮ ಕೀಲಿಯನ್ನು ನೋಂದಾಯಿಸಬೇಕು, ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ಆಗ ನೀಲಿ ಪರದೆಯೊಂದು ಹತ್ತು ಸೆಕೆಂಡು ಎಣಿಸುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀಲಿ ಒತ್ತದಿದ್ದರೆ ಅರ್ಜಿ ವಜಾ, ಮತ್ತೆ ಮೊದಲಿನಿಂದ. ಚಹಾ ತರಲು ಎದ್ದವರ ಗತಿ ಅಷ್ಟೇ. ಕಾರ್ಡನ್ನೇ ಬದಲಿಸಿ ಇಂಟೆಲ್‌ನದು ಕೂರಿಸುವುದು ಎಷ್ಟೋ ಸಲ ಇದಕ್ಕಿಂತ ಸುಲಭ. ಆದರೆ ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ 1802 ಎಂಬ ದೋಷಸಂಖ್ಯೆ ತೋರಿಸಿ ಬೂಟ್ ಆಗಲು ಒಪ್ಪುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಬೇಕು.

ಫರ್ಮ್‌ವೇರ್‌ಗೂ ಡ್ರೈವರ್‌ಗೂ ನಡುವಿನ ಗೆರೆ ಸರಿಯೆಂದೆ. ಅದು ಗಟ್ಟಿಯೇ ಎಂದರೆ, ಅಲ್ಲ, ಅದನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸುವುದು ತಯಾರಕ. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಕರ್ನೆಲ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಗ್ರಾಫಿಕ್ಸ್ ಕಾರ್ಡ್ ತಯಾರಕ ಎನ್‌ವಿಡಿಯಾಗೆ ಬೆರಳು ತೋರಿಸಿ ಬೈದದ್ದು ಎಲ್ಲರಿಗೂ ಗೊತ್ತು. ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ ಅದೇ ಎನ್‌ವಿಡಿಯಾ ತನ್ನ ಕರ್ನೆಲ್ ಡ್ರೈವರ್‌ನ ಮೂಲಕೋಡ್ ಬಿಡುಗಡೆ ಮಾಡಿತು, ಟ್ಯೂರಿಂಗ್ ತಲೆಮಾರಿನಿಂದ ಈಚೆಗಿನ ಕಾರ್ಡುಗಳಿಗೆ. ಹೇಗೆ ಸಾಧ್ಯವಾಯಿತು? ಆ ಕಾರ್ಡುಗಳಲ್ಲಿ ಜಿಎಸ್‌ಪಿ ಎಂಬ ಒಳಪ್ರೊಸೆಸರ್ ಇದೆ; ಮುಚ್ಚಿಡಬೇಕಾದ ಬುದ್ಧಿಯೆಲ್ಲ ಹತ್ತಾರು ಮೆಗಾಬೈಟ್ ಗಾತ್ರದ ಫರ್ಮ್‌ವೇರ್ ಆಗಿ ಅದರೊಳಗೆ ಹೋಯಿತು. ಡ್ರೈವರ್ ತೆರೆಯಿತು, ಗುಟ್ಟು ಒಂದು ಮೆಟ್ಟಿಲು ಕೆಳಗಿಳಿಯಿತು. ಫರ್ಮ್‌ವೇರ್‌ಗೆ ಸಲೀಸಾಗಿ ಜಾಗ ಕೊಡುವ ಯಾವ ವಿತರಣೆಯೂ, ಡೆಬಿಯನ್ ಸೇರಿದಂತೆ, ಈ ವಲಸೆಗೆ ದಾರಿ ಸುಗಮ ಮಾಡುತ್ತದೆ. 2022ರ ನಿರ್ಧಾರದ ಮೇಲಿನ ಟೀಕೆಗಳಲ್ಲಿ ನನಗೆ ತೂಕದ್ದೆನಿಸುವುದು ಇದೊಂದೇ.

ಉಳಿದ ತೊಂದರೆಗಳು ಇನ್‌ಸ್ಟಾಲರ್‌ನ ಕೈಮೀರಿದವು. ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಬದಲು ಎಎಚ್‌ಸಿಐ ಆರಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಬಿಟ್‌ಲಾಕರ್ ಕೀಲಿ ಬರೆದಿಟ್ಟುಕೊಂಡೇ ಅದಕ್ಕೆ ಕೈಹಾಕಬೇಕು. ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಬಿಸಿಯಾಗಿ ಬ್ಯಾಟರಿ ಖಾಲಿಯಾಗುವುದಕ್ಕೆ ಕಾರಣ, ಹಳೆಯ ಎಸ್3 ನಿದ್ದೆಯನ್ನೇ ತಯಾರಕರು ಕಿತ್ತುಹಾಕಿ ಅರೆನಿದ್ದೆ ಇಟ್ಟಿರುವುದು.

ಕನ್ನಡದಲ್ಲಿ ಇನ್‌ಸ್ಟಾಲ್ ಮಾಡಬಹುದೇ? ಮಾಡಬಹುದು, ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಮಾತ್ರ. ಅಕ್ಷರಮಾತ್ರದ ಪರದೆಗೆ ಒತ್ತಕ್ಷರ ಬಿಡಿಸುವ ಶಕ್ತಿಯಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಪ್ಯಾಕೇಜಾಗಿ ಸಿಗುತ್ತವೆ, ಕಗಪ ಕೀಲಿಮಣೆಯ ವಿನ್ಯಾಸವೂ ಇದೆ. ಆದರೆ ತೊಂದರೆ ಬಂದ ಗಳಿಗೆಯಲ್ಲಿ ಎದುರಾಗುವ ಕರ್ನೆಲ್ ಸಂದೇಶ, ಆ ನೀಲಿ ಪರದೆಯ ಹತ್ತು ಸೆಕೆಂಡು, ಎಲ್ಲ ಇಂಗ್ಲಿಷೇ. ಅನುವಾದ ಇರುವುದು ದಾರಿ ಸುಗಮವಾಗಿರುವ ಕಡೆ.

ಹಾಗಾದರೆ ಯಾರಿಗೆ ಯಾವುದು? ಇಂಟೆಲ್ ವೈಫೈ, ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿಗೆ ಡೆಬಿಯನ್ 12 ಅಥವಾ 2025ರ ಆಗಸ್ಟ್‌ನಲ್ಲಿ ಬಂದ 13, ಕಣ್ಣುಮುಚ್ಚಿ. ಮೊದಲ ಸಲ ಲಿನಕ್ಸ್ ಹಾಕುವವರಿಗೂ ಈಗ ಹಿಂಜರಿಕೆಯಿಲ್ಲದೆ ಹೇಳುತ್ತೇನೆ. 14ಇ4:4365 ಕಂಡವರು, ಕಾರ್ಡ್ ಬದಲಿಸಲಾಗದವರು ಲಿನಕ್ಸ್ ಮಿಂಟ್ ಕಡೆ ಹೋಗಲಿ. ಬ್ರಾಡ್‌ಕಾಮ್ ಡ್ರೈವರ್ ಅದರ ಪೆನ್‌ಡ್ರೈವ್‌ನಲ್ಲೇ ಇದೆ, ನೆಟ್ ಇಲ್ಲದೆಯೂ ಹಾಕಬಹುದು. 32 ಬಿಟ್‌ನ ತೀರಾ ಹಳೆಯ ಯಂತ್ರ ಇದ್ದವರಿಗೆ 13ರಲ್ಲಿ ಇನ್‌ಸ್ಟಾಲರೇ ಇಲ್ಲ, 12ರಲ್ಲೇ ಉಳಿಯಬೇಕು.