ಒಂದೇ ಎಂಜಿನ್, ಹಲವು ದುಡಿಮೆ: ಸೇನಾ ಟ್ರಕ್ಕುಗಳ ಪಿಟಿಒ

ಎಂಜಿನ್ನಿನ ಶಕ್ತಿಯನ್ನು ಚಕ್ರಗಳ ಬದಲು ಬೇರೊಂದು ಯಂತ್ರಕ್ಕೆ ಹರಿಸುವ ಜೋಡಣೆಯೇ ಪಿಟಿಒ. ಟ್ರ್ಯಾಕ್ಟರಿನ ಹಿಂದೆ ರೋಟವೇಟರ್ ತಿರುಗಿಸುವುದೂ ಇದೇ ಆದ್ದರಿಂದ ರೈತರಿಗೆ ಇದು ಹೊಸದಲ್ಲ. ಎರಡನೇ ಮಹಾಯುದ್ಧದ ಜಿಎಂಸಿ ಸಿಸಿಕೆಡಬ್ಲ್ಯು ಟ್ರಕ್ಕಿನಿಂದ ಹಿಡಿದು 1950ರ ದಶಕದ ಎಂ35 ಸರಣಿಯವರೆಗೆ ಅಮೆರಿಕದ ಸೇನೆ ಇದನ್ನು ನಾನಾ ಕೆಲಸಕ್ಕೆ ಹಚ್ಚಿತು. ಆದರೆ ಎಲ್ಲ ಕೆಲಸಕ್ಕೂ ಅದು ಒಂದೇ ಸಮ ಒಗ್ಗುವುದಿಲ್ಲ.

ಪಿಟಿಒದ ನಿಜವಾದ ಸತ್ವ ಕಾಣುವುದು ಮುಂಭಾಗದ ವಿಂಚ್‌ನಲ್ಲಿ. ಗೇರ್‌ಬಾಕ್ಸಿಗೆ ಕೂರಿಸಿದ ಪಿಟಿಒದಿಂದ ಹೊರಟ ಉದ್ದನೆಯ ಶಾಫ್ಟ್ ಬಂಪರಿನ ಬಳಿ ವಿಂಚ್ ಮುಟ್ಟುತ್ತದೆ. ಅಲ್ಲಿನ ವರ್ಮ್ ಗೇರ್ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಈ ಟ್ರಕ್ಕುಗಳ ವಿಂಚ್‌ನ ಎಳೆತ 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್. ಇದು ಡ್ರಮ್ಮಿನ ಮೊದಲ ಪದರದ ಲೆಕ್ಕ. ಹಗ್ಗ ಪದರದ ಮೇಲೆ ಪದರ ಸುತ್ತಿಕೊಂಡಂತೆ ಬಲ ಕುಗ್ಗುತ್ತದೆ. ರಾಟೆ ಹಾಕಿ ಹಗ್ಗವನ್ನು ಮಡಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ. ಬ್ಯಾಟರಿ ನಂಬಿದ ವಿಂಚ್ ತುಸು ಹೊತ್ತಿಗೇ ಕಾದು ದಣಿಯುತ್ತದೆ. ಕೆಸರಿನಲ್ಲಿ ಹೂತ ಲಾರಿಯನ್ನು ನಿಧಾನವಾಗಿ, ಬಹಳ ಹೊತ್ತು ಎಳೆಯುವುದಕ್ಕೆ ಪಿಟಿಒ ವಿಂಚ್ ಅದಕ್ಕಿಂತ ಎಷ್ಟೋ ಮೇಲು.

ಇಡೀ ಏರ್ಪಾಟಿನಲ್ಲಿ ಅತ್ಯಂತ ವಿವೇಕದ ಭಾಗವೆಂದರೆ ಬೆರಳುದ್ದದ ಶಿಯರ್ ಪಿನ್. ಶಾಫ್ಟನ್ನು ವಿಂಚ್‌ಗೆ ಬೆಸೆಯುವ ಈ ಪಿನ್ನನ್ನು ಬೇಕೆಂದೇ ಮೆತುವಾಗಿ ಮಾಡಿರುತ್ತಾರೆ. ಭಾರ ಮಿತಿ ಮೀರಿದರೆ ಮೊದಲು ಮುರಿಯುವುದು ಅದೇ, ಹಗ್ಗವಲ್ಲ. ಬಿಗಿದ ಉಕ್ಕಿನ ಹಗ್ಗ ತುಂಡಾಗಿ ಬೀಸಿದರೆ ಎದುರಿಗಿದ್ದವರ ಪ್ರಾಣಕ್ಕೇ ಸಂಚಕಾರ. ಪದೇ ಪದೇ ಮುರಿಯುತ್ತದೆಂದು ಬೇಸತ್ತು ಆ ಜಾಗಕ್ಕೆ ಗಟ್ಟಿ ಬೋಲ್ಟ್ ತುರುಕುವ ಅಭ್ಯಾಸ ಅಕ್ಷಮ್ಯ.

ಟಿಪ್ಪರಿನ ಹೈಡ್ರಾಲಿಕ್ ಪಂಪ್, ಇಂಧನ ಟ್ಯಾಂಕರಿನ ಪಂಪ್ ಇವೂ ಪಿಟಿಒಗೆ ಚೆನ್ನಾಗಿ ಹೊಂದುತ್ತವೆ. ಕೆಲಸ ಕೆಲವೇ ನಿಮಿಷದ್ದು. ಟ್ರಕ್ ಹೇಗೂ ಆಗ ನಿಂತೇ ಇರುತ್ತದೆ. ವೇಗ ತುಸು ಏರಿಳಿದರೂ ನಷ್ಟವಿಲ್ಲ.

ವಿದ್ಯುತ್ ಉತ್ಪಾದನೆಯ ಮಾತು ಬೇರೆ. ನಾಲ್ಕು ಧ್ರುವಗಳ ಜನರೇಟರ್ 60 ಹರ್ಟ್ಜ್ ಕೊಡಬೇಕಾದರೆ ನಿಮಿಷಕ್ಕೆ 1,800 ಸುತ್ತು ತಪ್ಪಬಾರದು. ರಸ್ತೆಯಲ್ಲಿ ಓಡಲೆಂದು ಮಾಡಿದ ಎಂಜಿನ್ನಿಗೆ, ಭಾರ ಏರಿಳಿಯುವಾಗ ಆ ವೇಗವನ್ನು ಕದಲದಂತೆ ಹಿಡಿದಿಡಲು ತಕ್ಕ ಗವರ್ನರ್ ಬೇಕು. ಜೊತೆಗೆ ಎಂ35ಎ2ನ 7.8 ಲೀಟರಿನ ಎಂಜಿನ್ನನ್ನು ನಾಲ್ಕು ದೀಪಗಳಿಗಾಗಿ ರಾತ್ರಿಯಿಡೀ ಓಡಿಸಿದರೆ ಡೀಸೆಲ್ಲೂ ದಂಡ, ಎಂಜಿನ್ನಿನ ಸವೆತವೂ ದಂಡ. ಅಷ್ಟು ಹೊತ್ತು ಟ್ರಕ್ಕನ್ನು ಸಾಗಾಟಕ್ಕೂ ಬಳಸುವಂತಿಲ್ಲ. ಶಿಬಿರಕ್ಕೆ ಗಂಟೆಗಟ್ಟಲೆ ವಿದ್ಯುತ್ ಬೇಕಾದಲ್ಲಿ, ಟ್ರೈಲರಿನಲ್ಲಿ ಎಳೆದೊಯ್ಯುವ ಪ್ರತ್ಯೇಕ ಜನರೇಟರೇ ಸರಿಯಾದ ಆಯ್ಕೆ.