ಹಳೆಯ ಕೋಟೆ, ಹಳೆಯ ಅಚ್ಚು

ಯೂರೋಪಿನ ಮಧ್ಯಯುಗದ ಕೋಟೆಗಳ ಹಳೆಯ ಎನ್‌ಗ್ರೇವಿಂಗುಗಳನ್ನು ಕೂಡಿಹಾಕುವವರಲ್ಲಿ ಎರಡು ಪಂಗಡ. ಗೋಡೆಗೆ ತೂಗುಹಾಕಲು ಕೊಳ್ಳುವವರದು ಒಂದು, ನೋಡಲೆಂದು ಕೊಳ್ಳುವವರದು ಇನ್ನೊಂದು. ಮೊದಲನೆಯವರ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಈ ಹವ್ಯಾಸದ ಅಭಿರುಚಿಯನ್ನು ಗೊತ್ತುಮಾಡುತ್ತಿರುವವರು ಹೆಚ್ಚಾಗಿ ಅವರೇ ಆದ್ದರಿಂದ, ಎರಡನೆಯ ಪಂಗಡದ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ. ಮೂವತ್ತು ಕೋಟೆಗಳ ಮೂವತ್ತು ಚಿತ್ರಗಳಿಗಿಂತ ಒಂದೇ ಕೋಟೆಯ ಮೂರು ಚಿತ್ರಗಳು ಮೇಲು ಎಂಬುದು ನನ್ನ ಪಕ್ಷ.

ಜರ್ಮನಿಯ ನೆಕ್ಕರ್ ನದಿಯ ದಂಡೆಯ ಹೈಡೆಲ್‌ಬರ್ಗ್ ಕೋಟೆಯನ್ನೇ ತೆಗೆದುಕೊಳ್ಳೋಣ. ಅದರ ಬುಡ ಮಧ್ಯಯುಗದ್ದು. ಕಣ್ಸೆಳೆಯುವ ಅರಮನೆಗಳು ಅನಂತರದವು. ಶುದ್ಧಿವಾದಿಗಳು ಮೂಗು ಮುರಿದರೆ ಮುರಿಯಲಿ. ಬಾಸೆಲಿನಲ್ಲಿ 1593ರಲ್ಲಿ ಹುಟ್ಟಿ ಫ್ರಾಂಕ್‌ಫರ್ಟಿನಲ್ಲಿ ಪ್ರಕಾಶಕನಾಗಿ ನೆಲೆಸಿದ ಮ್ಯಾಥಿಯಸ್ ಮೇರಿಯನ್ ಈ ಊರನ್ನೂ ಕೋಟೆಯನ್ನೂ 1620ರಲ್ಲಿ ತಾಮ್ರದಲ್ಲಿ ಕೊರೆದ. ಕಡಿದುಹೋಗದ ಗೋಪುರಗಳು, ಮುಚ್ಚಿದ ಮಾಡುಗಳು, ಕೆಳಗೆ ಸೇತುವೆ, ದೋಣಿ. ಇದಾಗಿ ಎಪ್ಪತ್ತು ವರ್ಷ ತುಂಬುವುದರೊಳಗೆ, 1689ರಲ್ಲಿ, ಫ್ರೆಂಚ್ ಸೇನೆ ಕೋಟೆಯನ್ನು ಸುಟ್ಟಿತು. 1693ರಲ್ಲಿ ಮತ್ತೆ ಬಂದು ಮದ್ದಿಟ್ಟು ಹಾರಿಸಿತು. ಉಳಿದದ್ದಕ್ಕೆ 1764ರಲ್ಲಿ ಸಿಡಿಲು ಬಡಿಯಿತು. ಹೀಗಾಗಿ ಮೇರಿಯನ್ನನ ಅಚ್ಚನ್ನು ಕೈಯಲ್ಲಿ ಹಿಡಿದವರು ‘ಇದೇ ಸಾಕ್ಷಿ’ ಎನ್ನುವುದು ಸಹಜ.

ಸಾಕ್ಷಿ ನಿಜವೇ? ಕೋಟೆಯ ಪಕ್ಕದ ಪ್ರಸಿದ್ಧ ಉದ್ಯಾನವನ್ನು ಮೇರಿಯನ್ ಕೊರೆದಿರುವುದನ್ನು ನೋಡಿರಿ. ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ಪಾತಿಗಳು, ಕಾರಂಜಿಗಳು, ಅಳತೆಯಿಟ್ಟು ಕತ್ತರಿಸಿದ ಗಿಡಗಳು, ಎಲ್ಲವೂ ಸಾಂಗ. ಸಾಲೊಮನ್ ದ ಕೋ ಯೋಜಿಸಿದ ಆ ತೋಟ ಎಂದೂ ಪೂರ್ತಿಯಾಗಲೇ ಇಲ್ಲ. ಒಡೆಯನಾದ ಐದನೆಯ ಫ್ರೆಡರಿಕ್ 1619ರಲ್ಲಿ ಬೊಹೀಮಿಯದ ಕಿರೀಟಕ್ಕೆ ಆಸೆಪಟ್ಟು ಪ್ರಾಗಿಗೆ ಹೊರಟ, ಕೆಲಸ ನಿಂತಿತು. ಅಂದರೆ ಕಲಾವಿದನ ಉಳಿ ಇದ್ದುದನ್ನಲ್ಲ, ಆಗಬೇಕೆಂದಿದ್ದುದನ್ನು ಕೊರೆಯಿತು. ಇದನ್ನು ಸುಳ್ಳೆಂದು ತಳ್ಳಲು ನನಗೆ ಮನಸ್ಸಿಲ್ಲ. ಒಬ್ಬ ದೊರೆ ತನ್ನನ್ನು ಹೇಗೆ ಕಾಣಿಸಿಕೊಳ್ಳಬೇಕೆಂದು ಬಯಸಿದನೋ ಅದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ? ಆದರೆ ಅದು ದಾಖಲೆ ಯಾವುದಕ್ಕೆ ಎಂಬುದನ್ನು ತಿಳಿಯದೆ ಚೌಕಟ್ಟು ಹಾಕಿಸಿದರೆ ಕೊಂಡದ್ದು ಬರಿಯ ಕಾಗದ.

ಎರಡನೆಯ ಚಿತ್ರ ನನಗೆ ಇನ್ನೂ ಪ್ರಿಯವಾದದ್ದು. ಚಾರ್ಲ್ಸ್ ದ ಗ್ರೈಮ್‌ಬರ್ಗ್ ಎಂಬ ಫ್ರೆಂಚ್ ಕುಲೀನ, ಕ್ರಾಂತಿಯಿಂದ ದೇಶ ಬಿಟ್ಟವನು, 1810ರಲ್ಲಿ ಹೈಡೆಲ್‌ಬರ್ಗಿಗೆ ಬಂದ. ಬಂದವನು 1864ರಲ್ಲಿ ಸಾಯುವವರೆಗೆ ಹಿಂದಿರುಗಲಿಲ್ಲ. ಊರಿನವರಿಗೆ ಆಗ ಕೋಟೆಯೆಂದರೆ ಕಲ್ಲಿನ ಗಣಿ. ಮನೆ ಕಟ್ಟುವವನು ಗಾಡಿ ಹೂಡಿಕೊಂಡು ಹೋದರೆ ಸಾಕಿತ್ತು. ಈತ ಸ್ವಂತ ಇಚ್ಛೆಯಿಂದ ಕಾವಲಿಗೆ ನಿಂತ, ಹಾಳುಗೋಡೆಗಳನ್ನು ಒಂದೊಂದಾಗಿ ಬರೆದ, ಬರೆದುದನ್ನು ಕೊರೆಯಿಸಿ ಪ್ರವಾಸಿಗಳಿಗೆ ಮಾರಿದ. ಯಾವ ದೇಶದ ಸೇನೆ ಕೋಟೆಯನ್ನು ಒಡೆದಿತ್ತೋ ಆ ದೇಶದವನೇ ಅದನ್ನು ಉಳಿಸಿದ ಎಂಬ ವಿಚಿತ್ರವನ್ನು ಹೆಚ್ಚು ಬೆಳೆಸುವುದು ಬೇಡ. ಅವನ ಕೈಬರಹದ ಗುಣ ನೋಡಬೇಕು. ಮದ್ದಿನಿಂದ ಸೀಳಿ ಅರ್ಧ ಭಾಗ ಕಂದಕಕ್ಕೆ ಜಾರಿದ ಗೋಪುರವಿದೆಯಲ್ಲ, ಅದನ್ನು ಬರೆಯದ ಕಲಾವಿದನಿಲ್ಲ. ಬೇರೆಯವರಲ್ಲಿ ಅದಕ್ಕೆ ಬೆಳುದಿಂಗಳು, ಬಳ್ಳಿ, ನಿಟ್ಟುಸಿರು. ಗ್ರೈಮ್‌ಬರ್ಗನಲ್ಲಿ ಗೋಡೆಯ ದಪ್ಪ, ಬಿರುಕಿನ ದಾರಿ, ಕಲ್ಲಿನ ವರಸೆ. ಕಾವಲುಗಾರನ ಕಣ್ಣು ಅದು. ಏನೇನು ಉಳಿದಿದೆ ಎಂದು ಎಣಿಸಿಕೊಳ್ಳುತ್ತಿದೆ.

ಮೂರನೆಯದನ್ನು ಬೇಗ ಮುಗಿಸಬಹುದು. 1820ರ ದಶಕದಲ್ಲಿ ತಾಮ್ರದ ಜಾಗಕ್ಕೆ ಉಕ್ಕಿನ ತಗಡು ಬಂದಿತು, ರೈನ್ ನದಿಗೆ ಹಬೆಯ ಹಡಗು ಬಂದಿತು. ತಾಮ್ರ ಮೆತ್ತಗಿನ ಲೋಹ, ಅಚ್ಚೊತ್ತಿದಷ್ಟೂ ಗೆರೆ ಸವೆಯುತ್ತದೆ. ಉಕ್ಕಿನದು ಸಾವಿರಾರು ಪ್ರತಿಗಳಿಗೂ ಬಗ್ಗದು. ಗೆರೆ ಕೂದಲೆಳೆಯಷ್ಟು ಸಣ್ಣದಾಯಿತು, ಆಕಾಶ ರೇಷ್ಮೆಯಂತಾಯಿತು. ಕೋಟೆಗಳೆಲ್ಲ ಒಂದೇ ತಾಯಿಯ ಮಕ್ಕಳಂತಾದುವು. ಅಗ್ಗವಾಗಿ ಸಿಕ್ಕುವುದು ಇವೇ. ಕೊಳ್ಳಬಾರದೆಂದಲ್ಲ, ಮೇರಿಯನ್ ಪಕ್ಕದಲ್ಲಿಟ್ಟು ನೋಡಲು ಒಂದಾದರೂ ಇರಲಿ.

ಇನ್ನು ಎರಡು ಅಪರಾಧಗಳ ಮಾತು. ಮೇರಿಯನ್ನನ ‘ಟೊಪೊಗ್ರಾಫಿಯಾ’ ಸಂಪುಟಗಳು 1642ರಿಂದ ಹೊರಬಂದವು. ಎರಡು ಸಾವಿರಕ್ಕೂ ಮೀರಿದ ನೋಟಗಳು, ಜೊತೆಗೆ ಮಾರ್ಟಿನ್ ಟ್ಸೈಲರನ ಬರಹ. ಅದರ ಚಿತ್ರಗಳು ಸಾಮಾನ್ಯವಾಗಿ ಕಪ್ಪು ಮಸಿಯವು. ಇಂದು ಅಂಗಡಿಯಲ್ಲಿ ಹಸಿರು ಗುಡ್ಡ, ಕೆಂಪು ಮಾಡು ಹೊತ್ತು ನಿಂತಿರುವವುಗಳಲ್ಲಿ ಬಹುಪಾಲಿಗೆ ಬಣ್ಣ ಬಳಿದವರು ಬಹಳ ಈಚಿನವರು. ಇದು ಚಿಕ್ಕ ಅಪರಾಧ. ದೊಡ್ಡದು, ಬಿಡಿ ಚಿತ್ರಗಳಿಗೆ ಹೆಚ್ಚು ಹಣ ಹುಟ್ಟುತ್ತದೆಂದು ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿ ಮಾರುವುದು. ಚಿತ್ರ ಗೋಡೆಗೆ ಹೋಗುತ್ತದೆ. ಬರಹ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ.

ದೂರದ ಸಂಗತಿಯೆಂದು ನಾವು ಸುಮ್ಮನಿರುವಂತೆಯೂ ಇಲ್ಲ. ಕಾರ್ನ್‌ವಾಲಿಸನ ದಂಡಿನೊಡನೆ ನಮ್ಮ ಸೀಮೆಗೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ 1794ರಲ್ಲಿ ಮೈಸೂರಿನ ನೋಟಗಳ ಪುಸ್ತಕ ತಂದ. ಬೆಂಗಳೂರು, ಸಾವನದುರ್ಗ ಅದರಲ್ಲಿವೆ. ಪ್ರತಿ ಚಿತ್ರಕ್ಕೂ ವಿವರಣೆ ಇದೆ. ಇವು ಮುತ್ತಿಗೆ ಹಾಕಿದವರ ಪಾಳೆಯದಿಂದ ಕಂಡ ದುರ್ಗಗಳು ಎಂಬುದು ಆ ವಿವರಣೆಯಿಂದ ತಿಳಿಯುತ್ತದೆ. ಬಿಡಿ ಹಾಳೆಯಾಗಿ ದಿವಾನಖಾನೆಯಲ್ಲಿ ತೂಗಿದರೆ ಸಾವನದುರ್ಗ ಒಂದು ಸೊಗಸಾದ ಬಂಡೆ, ಅಷ್ಟೆ.

ಹೈಡೆಲ್‌ಬರ್ಗಿನಲ್ಲಿ ಈ ಪ್ರಶ್ನೆ ಕಾಗದವನ್ನು ಬಿಟ್ಟು ಕಲ್ಲಿಗೇ ಬಂದಿತು. ಕಾರ್ಲ್ ಷೇಫರ್ ಎಂಬ ಶಿಲ್ಪಿ 1897ರಿಂದ 1900ರವರೆಗೆ ಫ್ರೆಡರಿಕನ ಹೆಸರಿನ ಅರಮನೆಯನ್ನು ಹೊಸದಾಗಿ ಸಿದ್ಧಗೊಳಿಸಿದ. ಪಕ್ಕದ ಓಟ್‌ಹೈನ್ರಿಷ್ ಅರಮನೆಗೂ ಮಾಡು ಹಾಕುವ ಯೋಜನೆ ಇತ್ತು. 1901ರಲ್ಲಿ ಕಲೆಯ ಇತಿಹಾಸಕಾರ ಗೆಯೋರ್ಗ್ ಡೇಹಿಯೊ ಅದರ ವಿರುದ್ಧ ಬರೆದ. ಇದ್ದುದನ್ನು ಕಾಯಿರಿ, ಇಲ್ಲದ್ದನ್ನು ಕಟ್ಟಬೇಡಿರಿ ಎಂಬುದು ಅವನ ವಾದದ ತಿರುಳು. ಮೇರಿಯನ್ನನ ಪಕ್ಷ ಒಂದು, ಗ್ರೈಮ್‌ಬರ್ಗನ ಪಕ್ಷ ಒಂದು ಎಂದು ನನಗೆ ತೋರುತ್ತದೆ. ವಾದ ಬಹಳ ಕಾಲ ನಡೆಯಿತು. ಓಟ್‌ಹೈನ್ರಿಷ್ ಅರಮನೆಯ ಮುಂಗೋಡೆ ಈಗಲೂ ಹಾಗೆಯೇ ನಿಂತಿದೆ. ಮೇಲಿನ ಕಿಟಕಿಗಳಲ್ಲಿ ಆಕಾಶ ಕಾಣುತ್ತದೆ.