ಮೆರ್ಸೆನ್ನನ ಸಂಖ್ಯಾಪಟ್ಟಿ: ಪ್ರತಿಜ್ಞೆಯೂ ಉಪಪತ್ತಿಯೂ

ಒಂದು ಮತ್ತು ತಾನು, ಇವೆರಡರ ಹೊರತು ಬೇರೆ ಭಾಜಕವಿಲ್ಲದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಇಂತಹ ಸಂಖ್ಯೆಗಳಿಗೆ ಕೊನೆಯಿಲ್ಲವೆಂಬುದನ್ನು ಯವನಗಣಿತಜ್ಞನಾದ ಯೂಕ್ಲಿಡನು ಎರಡು ಸಹಸ್ರ ವರ್ಷಗಳಿಗೂ ಹಿಂದೆಯೇ ಸಾಧಿಸಿರುವನು. ಆದರೆ ಮುಂದಿರುವ ಒಂದು ಮಹಾಸಂಖ್ಯೆಯು ಅವಿಭಾಜ್ಯವೇ ಅಲ್ಲವೇ ಎಂಬ ನಿರ್ಣಯವು ಬೇರೆಯೇ ಆದ ಕಾರ್ಯವು. ಅಲ್ಲಿ ಹೇಳಿದವನ ಹಿರಿಮೆಯು ಪ್ರಮಾಣವಾಗಲಾರದು.

ಫ್ರಾನ್ಸ್ ದೇಶದ ಪಾದ್ರಿಯಾದ ಮೆರ್ಸೆನ್ನನು ೧೬೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎರಡರ ಘಾತಗಳಿಂದ ಒಂದನ್ನು ಕಳೆದ ಸಂಖ್ಯೆಗಳನ್ನು ವಿಚಾರಿಸಿದನು. ೨೫೭ರವರೆಗಿನ ಘಾತಾಂಕಗಳಲ್ಲಿ ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಇವು ಮಾತ್ರ ಅವಿಭಾಜ್ಯವನ್ನು ಕೊಡುವುವೆಂದು ಅವನ ಪ್ರತಿಜ್ಞೆ. ಉಪಪತ್ತಿಯನ್ನು ಮಾತ್ರ ಕೊಡಲಿಲ್ಲ. ಪರೀಕ್ಷಿಸಿದಲ್ಲಿ ಪಟ್ಟಿಗೆ ಎರಡು ದೋಷಗಳೂ ತಗಲಿದವು. ೬೭ ಮತ್ತು ೨೫೭ ಸೇರಿದ್ದರಿಂದ ಅತಿವ್ಯಾಪ್ತಿ. ೬೧, ೮೯, ೧೦೭ ಬಿಟ್ಟುಹೋದುದರಿಂದ ಅವ್ಯಾಪ್ತಿ.

೧೨೭ರ ವಿಷಯದಲ್ಲಿ ಅವನ ಮಾತು ನಿಜವಾಯಿತು. ಆ ಘಾತದಿಂದ ಬರುವ ಸಂಖ್ಯೆಯು ೧೭೦೧೪೧೧೮೩೪೬೦೪೬೯೨೩೧೭೩೧೬೮೭೩೦೩೭೧೫೮೮೪೧೦೫೭೨೭ ಎಂಬ ಮೂವತ್ತೊಂಬತ್ತು ಅಂಕಿಗಳುಳ್ಳದ್ದು. ಒಂದೊಂದಾಗಿ ಭಾಜಕಗಳನ್ನು ಹುಡುಕಹೊರಟರೆ ಇಪ್ಪತ್ತು ಅಂಕಿಗಳ ಸಂಖ್ಯೆಗಳವರೆಗೆ ಹೋಗಬೇಕಾದೀತು, ಅದು ಮನುಷ್ಯಸಾಧ್ಯವಲ್ಲ. ೧೮೭೬ರಲ್ಲಿ ಲೂಕಾ ಎಂಬ ಫ್ರೆಂಚ್ ಪಂಡಿತನು ಭಾಜಕವನ್ನು ಹುಡುಕದೆಯೇ ಅದು ಅವಿಭಾಜ್ಯವೆಂದು ನಿರ್ಣಯಿಸಿದನು. ಅವನ ಮಾರ್ಗವನ್ನು ಲೇಮರನು ೧೯೩೦ರಲ್ಲಿ ಪರಿಷ್ಕರಿಸಿದ ರೂಪವು ಸುಲಭವಾಗಿದೆ. ೪ರಿಂದ ಆರಂಭಿಸಿ, ವರ್ಗಮಾಡಿ ಎರಡನ್ನು ಕಳೆಯುತ್ತ ಹೋದರೆ ೧೪, ೧೯೪, ೩೭೬೩೪ ಎಂದು ಬರುವುವು. ಘಾತಾಂಕವು ೫ ಆದಾಗ ಸಂಖ್ಯೆ ೩೧; ಘಾತಾಂಕಕ್ಕಿಂತ ಎರಡು ಕಡಮೆ, ಎಂದರೆ ಮೂರು ಆವೃತ್ತಿಗಳ ಫಲ ೩೭೬೩೪. ಇದನ್ನು ೩೧ರಿಂದ ಭಾಗಿಸಿದರೆ ಲಬ್ಧವು ೧೨೧೪, ಶೇಷವು ಶೂನ್ಯ. ಆದುದರಿಂದ ೩೧ ಅವಿಭಾಜ್ಯ. ೧೨೭ಕ್ಕೆ ಇಂತಹ ೧೨೫ ಆವೃತ್ತಿಗಳು ಸಾಕು; ಪ್ರತಿಯೊಂದರಲ್ಲಿಯೂ ಶೇಷವನ್ನು ಮಾತ್ರ ಇಟ್ಟುಕೊಂಡರಾಯಿತು.

ಇಲ್ಲಿ ಒಂದು ಆಕ್ಷೇಪವುಂಟು. ೬೭ರ ಸಂಖ್ಯೆಯು ವಿಭಾಜ್ಯವೆಂದು ಲೂಕಾ ತೋರಿಸಿದಾಗ ಅದರ ಭಾಜಕಗಳಾವುವೂ ತಿಳಿದಿರಲಿಲ್ಲ. ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭ ಇವುಗಳ ಗುಣಲಬ್ಧವೇ ಆ ಸಂಖ್ಯೆಯೆಂದು ಅಮೆರಿಕದ ಕೋಲನು ಪ್ರಕಟಿಸಿದ್ದು ೧೯೦೩ರಲ್ಲಿ. ಭಾಗಗಳನ್ನು ಕಾಣದೆ ಭಾಗವುಂಟೆನ್ನುವುದು ಹೇಗೆ ಜ್ಞಾನವಾದೀತು? ಇದಕ್ಕೆ ಸಮಾಧಾನವಿಷ್ಟು: ಹೊಗೆಯಿಂದ ಬೆಂಕಿಯನ್ನು ಊಹಿಸಿದವನ ಅನುಮಿತಿಯು ಸದ್ಧೇತುವಿನಿಂದಲೇ ಸಿದ್ಧವು, ಬಳಿಕ ಬೆಟ್ಟವನ್ನೇರಿ ಬೆಂಕಿಯನ್ನು ಕಂಡವನು ಅದನ್ನು ದೃಢಪಡಿಸುವನೇ ಹೊರತು ಹುಟ್ಟಿಸುವುದಿಲ್ಲ. ಕೋಲನ ಶ್ರಮವು ಸ್ತುತ್ಯವೇ ಸರಿ. ಲೂಕಾನ ಸಿದ್ಧಾಂತವು ಅದಕ್ಕಾಗಿ ಕಾದಿರಲಿಲ್ಲ.

ಹಾಗೆಯೇ ೧೨೭ನ್ನು ಕುರಿತ ಮೆರ್ಸೆನ್ನನ ಉಕ್ತಿಯು ಸತ್ಯವಾದರೂ, ಹೇತುವನ್ನು ತೋರದಿರುವುದರಿಂದ ಘುಣಾಕ್ಷರನ್ಯಾಯಕ್ಕಿಂತ ಮೇಲಿನ ಬೆಲೆಯನ್ನು ಪಡೆಯಲಾರದು. ಆದರೂ ಈ ಜಾತಿಯ ಸಂಖ್ಯೆಗಳೆಲ್ಲಕ್ಕೂ ಅವನ ಹೆಸರೇ ನಿಂತಿದೆ. ಪ್ರಶ್ನೆಯನ್ನು ಎತ್ತಿದವನಿಗೆ ಆ ಗೌರವವು ಸಲ್ಲಲಿ. ನಿರ್ಣಯದ ಕೀರ್ತಿಯು ಲೂಕಾನದು.

ಅವನು ಸಾಧಿಸಿದ ಸಂಖ್ಯೆಯು ೧೯೫೧ರವರೆಗೆ ತಿಳಿದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿದ್ದಿತು. ೨೦೨೪ರಲ್ಲಿ ಯಂತ್ರಸಹಾಯದಿಂದ ದೊರೆತ, ೧೩,೬೨,೭೯,೮೪೧ ಘಾತಾಂಕದ ಸಂಖ್ಯೆಗೆ ೪,೧೦,೨೪,೩೨೦ ಅಂಕಿಗಳು. ಅದನ್ನು ಸ್ಥಿರಪಡಿಸಿದ್ದೂ ಲೂಕಾ–ಲೇಮರರ ಮಾರ್ಗವೇ. ಅಂಕಿಗಳ ದೈರ್ಘ್ಯವು ಇನ್ನೊಂದು ಸಂಖ್ಯೆ ದೊರೆತೊಡನೆ ಹಿಂದೆ ಬೀಳುವುದು. ಉಪಪತ್ತಿಯು ಹಾಗೆ ಹಿಂದೆ ಬೀಳುವುದಿಲ್ಲ.